ಕೇಲಿ ಬ್ಯಾಂಡ್ ಕಟ್ಟಿ ಮೊದಲ ಮದುವೆಗೆ ನುಡಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಸ್ಕಾಟ್‌ಲೆಂಡಿನಲ್ಲಿ ಮದುವೆ ಊಟ ಮುಗಿಯುತ್ತಿದ್ದಂತೆ ಮೇಜು ಕುರ್ಚಿಗಳನ್ನು ಗೋಡೆಗೆ ಸರಿಸುತ್ತಾರೆ. ಮೂಲೆಯಲ್ಲಿ ಅಕಾರ್ಡಿಯನ್, ಫಿಡಲ್ (ನಮ್ಮ ಪಿಟೀಲೇ), ಡ್ರಮ್ ಇಟ್ಟುಕೊಂಡು ಮೂರ್ನಾಲ್ಕು ಜನ ನಿಲ್ಲುತ್ತಾರೆ. ಒಬ್ಬರು ಮೈಕ್ ಹಿಡಿದು ಜೋಡಿ ಜೋಡಿಯಾಗಿ ಬನ್ನಿ ಎಂದು ಕರೆಯುತ್ತಾರೆ. ಹತ್ತು ನಿಮಿಷ ಕಳೆಯುವುದರೊಳಗೆ ಅಜ್ಜಿ, ಮೊಮ್ಮಗ, ಮದುಮಗಳ ಆಫೀಸಿನವರು, ಮದುಮಗನ ಚಿಕ್ಕಪ್ಪ ಎಲ್ಲರೂ ಕೈ ಕೈ ಹಿಡಿದು ಸುತ್ತುತ್ತಿರುತ್ತಾರೆ. ಇದೇ ಕೇಲಿ. ಗೇಲಿಕ್ ಭಾಷೆಯ ಈ ಪದಕ್ಕೆ ಮೂಲದಲ್ಲಿ ಭೇಟಿ ಎಂದರ್ಥ. ನೆರೆಹೊರೆಯವರು ಒಂದು ಮನೆಯಲ್ಲಿ ಸೇರಿ ಕಥೆ ಹೇಳುತ್ತಿದ್ದರು, ಹಾಡುತ್ತಿದ್ದರು, ಕುಣಿಯುತ್ತಿದ್ದರು. ಈಗ ಹೆಚ್ಚಾಗಿ ಕುಣಿತಕ್ಕೇ ಈ ಹೆಸರು.

ನಾನು ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತವಳು. ಗ್ಲಾಸ್ಗೋಗೆ ಬಂದು ನೆಲೆಸಿದ ಮೇಲೆ ಇಲ್ಲಿಯ ಒಂದು ಕೇಲಿ ಬ್ಯಾಂಡಿನಲ್ಲಿ ನುಡಿಸುತ್ತಿದ್ದೇನೆ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಕೆಲವರು ನನ್ನನ್ನು ಕೇಳುತ್ತಿರುತ್ತಾರೆ: ನಮಗೂ ಸಂಗೀತ ಬರುತ್ತದೆ, ಇಂಥ ಬ್ಯಾಂಡಿಗೆ ಸೇರಬಹುದಾ, ನಾವೇ ಒಂದು ಕಟ್ಟಬಹುದಾ? ಖಂಡಿತ ಆಗುತ್ತದೆ. ಆದರೆ ಶುರುವಿನಲ್ಲೇ ಒಂದು ಮಾತು ತಿಳಿದಿರಲಿ. ಇದು ಕಛೇರಿಯಲ್ಲ. ಕೇಳುವವರ ಕಿವಿಗಲ್ಲ, ಕುಣಿಯುವವರ ಕಾಲಿಗೆ ನುಡಿಸುವುದು. ಈ ಬರಹದಲ್ಲಿ ಮುಂದೆ ಬರುವುದೆಲ್ಲ ಅದರಿಂದಲೇ ಹುಟ್ಟಿದ್ದು.

ಮೊದಲು ಕುಣಿಯಿರಿ

ವಾದ್ಯ ಮುಟ್ಟುವ ಮೊದಲು ನಾಲ್ಕೈದು ಕೇಲಿಗಳಿಗೆ ಹೋಗಿ ಕುಣಿದು ಬನ್ನಿ. ಜನವರಿ 25ರ ಸುಮಾರಿಗೆ ಕವಿ ರಾಬರ್ಟ್ ಬರ್ನ್ಸ್‌ನ ನೆನಪಿಗೆ ಬರುವ ಬರ್ನ್ಸ್ ನೈಟ್, ನವೆಂಬರ್ 30ರ ಸೇಂಟ್ ಆಂಡ್ರೂಸ್ ದಿನ, ವರ್ಷದ ಕೊನೆಯ ಹಾಗ್ಮನೇ, ಈ ಮೂರು ಹೊತ್ತಿನಲ್ಲಿ ಊರೂರಿನ ಹಾಲ್‌ಗಳಲ್ಲಿ ಟಿಕೆಟ್ ಕೊಟ್ಟು ಹೋಗುವಂಥ ಕೇಲಿಗಳು ಇರುತ್ತವೆ. ಕುಣಿತ ಬರಬೇಕೆಂದೇನೂ ಇಲ್ಲ. ಕೋಲಾಟ ಗೊತ್ತಿದ್ದವರಿಗೆ ಜೋಡಿ ಬದಲಾಗುವುದು, ಸುತ್ತು ಮುಂದೆ ಸರಿಯುವುದು ಬೇಗ ಹಿಡಿಸುತ್ತದೆ. ಇಲ್ಲಿಯ ಮಕ್ಕಳು ಇದನ್ನು ಶಾಲೆಯಲ್ಲೇ ಕಲಿತಿರುತ್ತಾರೆ, ಕ್ರಿಸ್‌ಮಸ್‌ಗೆ ಮುಂಚಿನ ಆಟದ ಪೀರಿಯಡ್‌ಗಳಲ್ಲಿ. ಹಾಗಾಗಿ ಪಕ್ಕದಲ್ಲಿ ನಿಂತವರು ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆ.

ಕುಣಿಯುವಾಗ ಒಂದು ಗಮನಿಸಿ. ಎಲ್ಲಿ ಉಸಿರು ಬೇಕಾಯಿತು, ಯಾವ ಕ್ಷಣಕ್ಕೆ ತಿರುಗಬೇಕೆಂದು ಸಂಗೀತವೇ ಹೇಗೆ ಹೇಳಿತು, ರಾಗ ಬದಲಾದಾಗ ಮೈಯಲ್ಲಿ ಏನಾಯಿತು. ಇದು ನಿಮ್ಮ ಕಾಲಿಗೆ ಗೊತ್ತಾಗದೆ ಕೈಗೆ ಬರುವುದಿಲ್ಲ.

ಯಾರು ಯಾರು ಬೇಕು

ಮೂರು ಜನ ಸಾಕು. ಐದು ಜನ ಇದ್ದರೆ ಚೆನ್ನ. ಅದಕ್ಕಿಂತ ಜಾಸ್ತಿಯಾದರೆ ವೇದಿಕೆಯೂ ಸಾಲದು, ಹಂಚಿಕೊಳ್ಳುವ ದುಡ್ಡೂ ಸಾಲದು.

ಸ್ಕಾಟಿಷ್ ಕೇಲಿಯ ಬೆನ್ನೆಲುಬು ಅಕಾರ್ಡಿಯನ್. ಸ್ಕಾಟ್‌ಲೆಂಡಿನ ಫೈಫ್ ಸೀಮೆಯ ಜಿಮ್ಮಿ ಶಾಂಡ್ (1908–2000) ಎಂಬ ವಾದಕರ ಬ್ಯಾಂಡು ರೇಡಿಯೋ ಮತ್ತು ರೆಕಾರ್ಡುಗಳ ಮೂಲಕ ಮನೆಮಾತಾದ ಮೇಲೆ, ಅಕಾರ್ಡಿಯನ್ ಮುಂದಿದ್ದು ಫಿಡಲ್, ಪಿಯಾನೋ, ಬಾಸ್, ಡ್ರಮ್ ಅದಕ್ಕೆ ಆತುಕೊಳ್ಳುವ ಈ ಕಟ್ಟು ಎಲ್ಲರ ಕಿವಿಯಲ್ಲೂ ಕೂತಿತು. ಫಿಡಲ್ ಅದಕ್ಕಿಂತ ಬಹಳ ಹಳೆಯದು. 18ನೇ ಶತಮಾನದ ಫಿಡಲ್ ವಾದಕ ನೀಲ್ ಗೌ ಕಟ್ಟಿದ ಟ್ಯೂನ್‌ಗಳನ್ನು ಇವತ್ತಿಗೂ ಕುಣಿತಕ್ಕೆ ನುಡಿಸುತ್ತೇವೆ. ಕೀಬೋರ್ಡ್ ಅಥವಾ ಗಿಟಾರ್‌ನವರ ಕೆಲಸ ಸರಳ, ಆದರೆ ಬಿಡುವಿಲ್ಲದ್ದು. ಕೀಬೋರ್ಡ್‌ನಲ್ಲಾದರೆ ಎಡಗೈಯಲ್ಲಿ ಪೆಟ್ಟು ಬೀಳುವಾಗ ಸರಿಯಾಗಿ ಕೆಳಸ್ವರ, ಬಲಗೈಯಲ್ಲಿ ಪೆಟ್ಟಿನ ನಡುವೆ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಎರಡು ಮೂರು ಸ್ವರ. ಉಂ-ಚಕ್, ಉಂ-ಚಕ್. ಡ್ರಮ್‌ನವರು ಸ್ನೇರ್ ಎಂಬ ಚುರುಕು ನಾದದ ಚಿಕ್ಕ ಡ್ರಮ್ ಮೇಲೆ ಹಗುರಾಗಿ ಓಡಬೇಕು. ರಾಕ್ ಬ್ಯಾಂಡಿನ ಭಾರದ ಪೆಟ್ಟು ಇಲ್ಲಿ ಕಾಲನ್ನು ನೆಲಕ್ಕೆ ಒತ್ತುತ್ತದೆ. ನಮಗೆ ಬೇಕಾದದ್ದು ಕಾಲನ್ನು ಎತ್ತುವ ಪೆಟ್ಟು.

ಇನ್ನೊಬ್ಬರು ಕಾಲರ್, ಅಂದರೆ ಕುಣಿತ ಹೇಳಿಕೊಡುವವರು. ಯಕ್ಷಗಾನದಲ್ಲಿ ಭಾಗವತರಿದ್ದ ಹಾಗೆ. ಯಾವುದು ಮುಂದೆ, ಯಾವಾಗ ನಿಲ್ಲಿಸುವುದು, ಎಷ್ಟು ವೇಗ, ಎಲ್ಲ ಅವರ ಕೈಯಲ್ಲಿ. ಬ್ಯಾಂಡಿನವರೇ ಒಬ್ಬರು ಕಾಲರ್ ಆಗಬಹುದು. ನನ್ನ ಅಭಿಪ್ರಾಯದಲ್ಲಿ ಹೊಸ ಬ್ಯಾಂಡಿಗೆ ಬೇರೆಯೇ ಒಬ್ಬರಿರುವುದು ಒಳ್ಳೆಯದು. ನುಡಿಸುತ್ತಾ ನೆಲ ನೋಡುವುದು ಬಹಳ ಕಾಲ ಅಭ್ಯಾಸವಾದ ಮೇಲೆ ಬರುವ ವಿದ್ಯೆ.

ಟ್ಯೂನ್ ಕಲಿಯುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಕೆಲಸದ ಮುಕ್ಕಾಲು ಪಾಲು ಇದೇ.

ಒಂದು ಸಾಮಾನ್ಯ ಟ್ಯೂನ್‌ನಲ್ಲಿ ಎರಡು ಭಾಗ. ಒಂದೊಂದೂ 8 ಬಾರ್. ಬಾರ್ ಎಂದರೆ ಚಿಕ್ಕ ಆವರ್ತ ಎಂದುಕೊಳ್ಳಿ. ಮೊದಲ ಭಾಗ ಎರಡು ಸಲ, ಎರಡನೆಯದು ಎರಡು ಸಲ. ಒಟ್ಟು 32 ಬಾರ್. ಕುಣಿತಗಳೂ ಇದೇ ಲೆಕ್ಕಕ್ಕೆ ಕೂತಿವೆ. ಡ್ಯಾಶಿಂಗ್ ವೈಟ್ ಸಾರ್ಜೆಂಟ್ ಎಂಬ ಕುಣಿತ ನೋಡಿ. ಮೂರು ಜನ ಇನ್ನು ಮೂರು ಜನರಿಗೆ ಎದುರಾಗಿ ನಿಲ್ಲುತ್ತಾರೆ. ಆರು ಜನ ಸೇರಿ ಎಡಕ್ಕೆ, ಆಮೇಲೆ ಬಲಕ್ಕೆ ಸುತ್ತುವುದಕ್ಕೆ 8 ಬಾರ್. ನಡುವಿನವರು ಅಕ್ಕಪಕ್ಕದವರ ಜೊತೆ ಒಂದೊಂದು ತಿರುವು ಹಾಕುವುದಕ್ಕೆ 8. ಮೂವರೂ ಇಂಗ್ಲಿಷಿನ 8ರ ಆಕಾರದಲ್ಲಿ ಹೆಣೆದುಕೊಳ್ಳುವುದಕ್ಕೆ 8. ಮುಂದೆ ಬಂದು, ಹಿಂದೆ ಸರಿದು, ಕೊನೆಗೆ ಎದುರಿನವರ ಕೈಯಡಿಯಲ್ಲಿ ನುಗ್ಗಿ ಹೊಸ ಮೂವರನ್ನು ಎದುರುಗೊಳ್ಳುವುದಕ್ಕೆ 8. ಟ್ಯೂನ್‌ನ ಭಾಗ ಬದಲಾದರೆ ಕುಣಿತದ ಚಲನೆಯೂ ಬದಲಾಗಬೇಕು. ಕುಣಿಯುವವರು ಎಣಿಸುವುದಿಲ್ಲ, ನಿಮ್ಮ ಟ್ಯೂನ್ ಕೇಳುತ್ತಾರೆ.

ಹಾಗಾಗಿ ಒಂದು ಭಾಗವನ್ನು ತಪ್ಪಿ ಒಂದು ಸಲ ಜಾಸ್ತಿ ನುಡಿಸಿದರೆ ಇಡೀ ನೆಲ ಕಲಕಿಹೋಗುತ್ತದೆ. ನನ್ನ ಎರಡನೆಯ ಮದುವೆ ಕಾರ್ಯಕ್ರಮದಲ್ಲಿ ಹೀಗೇ ಆಯಿತು. ಟ್ಯೂನ್ ಹಿತವಾಗಿ ಹರಿಯುತ್ತಿತ್ತು. ನಾನು ಲಹರಿಯಲ್ಲಿ ಎರಡನೆಯ ಭಾಗವನ್ನು ಮೂರನೆಯ ಸಲ ಎತ್ತಿಕೊಂಡೆ. ಅರ್ಧ ಜನ ಹೆಣೆಯುತ್ತಿದ್ದರು, ಅರ್ಧ ಜನ ಸುತ್ತುತ್ತಿದ್ದರು. ಒಬ್ಬ ಹಿರಿಯ ಮಹಿಳೆ ನಡುವೆ ನಿಂತು ನನ್ನ ಕಡೆ ನೋಡಿದರು. ಆ ನೋಟ ಮರೆಯಲಾಗಿಲ್ಲ. ಅವತ್ತಿನಿಂದ ಎಷ್ಟೇ ಬರುವ ಟ್ಯೂನ್ ಆದರೂ ಒಳಗೆ ಎಣಿಸುತ್ತಲೇ ಇರುತ್ತೇನೆ.

ಮುಖ್ಯ ಬಗೆಗಳನ್ನು ನಮ್ಮ ಲಯದ ಮಾತಿನಲ್ಲಿ ಹೇಳುತ್ತೇನೆ. ರೀಲ್ ಎಂದರೆ ಒಂದು ಬಾರ್‌ಗೆ ಎರಡು ಪೆಟ್ಟು, ಪ್ರತಿ ಪೆಟ್ಟಿಗೆ ನಾಲ್ಕು: ತಕಧಿಮಿ ತಕಧಿಮಿ. ಜಿಗ್ ಎಂದರೆ ಎರಡು ಪೆಟ್ಟು, ಪ್ರತಿ ಪೆಟ್ಟಿಗೆ ಮೂರು: ತಕಿಟ ತಕಿಟ. ತಿಶ್ರ ನಡೆ ಅಭ್ಯಾಸವಿದ್ದವರಿಗೆ ಜಿಗ್ ಮನೆಯಂತೆಯೇ ಅನಿಸುತ್ತದೆ. ವಾಲ್ಟ್ಜ್‌ನಲ್ಲಿ ಒಂದು ಬಾರ್‌ಗೆ ಮೂರು ನಿಧಾನದ ಪೆಟ್ಟು. ಮಾರ್ಚ್ ನಡಿಗೆಯ ಗತಿಯದು. ಸ್ಟ್ರಾತ್‌ಸ್ಪೇಯಲ್ಲಿ ಒಂದು ಸ್ವರ ಚಿಟಿಕೆಯಷ್ಟು ಚಿಕ್ಕದಾಗಿ ಹಾರಿ ಮುಂದಿನದು ಉದ್ದವಾಗುತ್ತದೆ. ಅದನ್ನು ಬರೆದ ಸ್ವರ ನೋಡಿ ಕಲಿಯಲಾಗದು, ಕೇಳಿಯೇ ಕಲಿಯಬೇಕು.

ರಾಗದ ಕಡೆಯಿಂದಲೂ ನಮಗೆ ಪರಿಚಯದ ನೆಲವೇ. ಬಹಳಷ್ಟು ಟ್ಯೂನ್‌ಗಳು ಶಂಕರಾಭರಣದ ಸ್ವರಗಳಲ್ಲಿವೆ. ಬ್ಯಾಗ್‌ಪೈಪಿನ ಟ್ಯೂನ್‌ಗಳಲ್ಲಿ ಹರಿಕಾಂಭೋಜಿಯ ನಿಷಾದ ಕೇಳುತ್ತದೆ. ಐದೇ ಸ್ವರದವು ಬಂದರೆ ಮೋಹನ ನೆನಪಾಗುತ್ತದೆ. ಎಷ್ಟೋ ಜನ ಚಿಕ್ಕಂದಿನಲ್ಲಿ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಹಾಡಿರುತ್ತೀರಿ ಅಲ್ವಾ? ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತದ ಮಾತು ಕೂಡಿಸಿದ ರಚನೆಗಳವು. ದೀಕ್ಷಿತರ ತಮ್ಮ ಬಾಲುಸ್ವಾಮಿಯವರು ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ನಾವು ಇಲ್ಲಿ ಫಿಡಲ್ ಎತ್ತಿಕೊಳ್ಳುವುದು ತೀರಾ ಹೊಸ ದಾರಿಯೇನಲ್ಲ.

ಆದರೂ ಬಿಡಬೇಕಾದದ್ದು ಕೆಲವಿದೆ. ಗಮಕ ಬಿಡಬೇಕು. ಸ್ವರದಿಂದ ಸ್ವರಕ್ಕೆ ಜಾರಿದರೆ ಪೆಟ್ಟು ಮಸುಕಾಗುತ್ತದೆ, ಕುಣಿಯುವವರಿಗೆ ಹಿಡಿತ ಸಿಗುವುದಿಲ್ಲ. ಕೂತು ಕಾಲಿನ ಆಸರೆಯಲ್ಲಿ ನುಡಿಸಿದ ಪಿಟೀಲನ್ನು ನಿಂತು ಗಲ್ಲದಡಿ ಹಿಡಿಯಬೇಕು. ಸ-ಪ-ಸ-ಪ ಶ್ರುತಿ ಬಿಟ್ಟು ಪಾಶ್ಚಾತ್ಯ ಪದ್ಧತಿಯ ಜಿ-ಡಿ-ಎ-ಇ ಸ್ವರಗಳಿಗೆ ತಂತಿ ಬಿಗಿಯಬೇಕು. ನನಗೆ ಕತ್ತು ಹೊಂದಿಕೊಳ್ಳುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಕಮಾನಿನ ಕೆಲಸವೂ ಬೇರೆ. ಉದ್ದ ಎಳೆತ ಕಡಿಮೆ, ಪ್ರತಿ ಸ್ವರಕ್ಕೂ ಚಿಕ್ಕ ಚುರುಕು ತಳ್ಳು.

ಕಲಿಯುವುದಕ್ಕೆ ಜಾಗಗಳಿವೆ. ಗ್ಲಾಸ್ಗೋ ಫೋಕ್ ಮ್ಯೂಸಿಕ್ ವರ್ಕ್‌ಶಾಪ್‌ನಂಥ (ಹಿಂದೆ ಗ್ಲಾಸ್ಗೋ ಫಿಡಲ್ ವರ್ಕ್‌ಶಾಪ್) ಕಡೆ ದೊಡ್ಡವರಿಗೆ ತರಗತಿ ನಡೆಯುತ್ತವೆ. ಎಡಿನ್‌ಬರೋದ ಸ್ಯಾಂಡಿ ಬೆಲ್ಸ್ ಎಂಬ ಪಬ್ ಸೆಷನ್‌ಗಳಿಗೆ ಹೆಸರಾದದ್ದು. ಸೆಷನ್ ಎಂದರೆ ವಾದಕರು ಒಂದು ಮೇಜಿನ ಸುತ್ತ ಕೂತು ಸುಮ್ನೆ ಸಂತೋಷಕ್ಕೆ ನುಡಿಸುವುದು. ಮೊದಲ ದಿನವೇ ವಾದ್ಯ ತೆಗೆಯಬೇಡಿ. ಸ್ವಲ್ಪ ದೂರ ಕೂತು ಕೇಳಿ, ಪರಿಚಯ ಮಾಡಿಕೊಳ್ಳಿ, ಅವರೇ ಕರೆಯುತ್ತಾರೆ. ದಿ ಸೆಷನ್ ಎಂಬ ಜಾಲತಾಣದಲ್ಲಿ ಸಾವಿರಾರು ಟ್ಯೂನ್‌ಗಳು ಎಬಿಸಿ ಲಿಪಿಯಲ್ಲಿವೆ. ಅದೂ ಸರಿಗಮದ ಹಾಗೆ ಅಕ್ಷರದಲ್ಲಿ ಬರೆಯುವ ಕ್ರಮವೇ, ಒಂದು ವಾರದಲ್ಲಿ ಓದಲು ಬರುತ್ತದೆ.

ಟ್ಯೂನ್‌ಗಳನ್ನು ಸೆಟ್ ಆಗಿ ಕಟ್ಟುವುದು

ಒಂದೇ ಟ್ಯೂನ್ ಎಂಟು ಸಲ ನುಡಿಸಿದರೆ ಕುಣಿಯುವವರೂ ಸೋಲುತ್ತಾರೆ, ನೀವೂ ಸೋಲುತ್ತೀರಿ. ಮೂರು ಅಥವಾ ನಾಲ್ಕು ಟ್ಯೂನ್ ಸೇರಿಸಿ ಸೆಟ್ ಮಾಡಿ. ಒಂದೊಂದನ್ನೂ ಎರಡು ಸಲ ನುಡಿಸಿ ಮುಂದಿನದಕ್ಕೆ ಹಾರಿ. ಹಾರುವಾಗ ಶ್ರುತಿಯೂ ಬದಲಾದರೆ ಅದರ ಸೊಗಸೇ ಬೇರೆ. ಡಿ ಯಿಂದ ಎ ಗೆ ಏರಿದ ಕ್ಷಣ ನೆಲದ ಮೇಲಿನಿಂದ "ಹೀಯೂಕ್" ಎಂದು ಕೂಗು ಏಳುತ್ತದೆ. ಆ ಕೂಗು ಬಂದರೆ ಸೆಟ್ ಸರಿಯಾಗಿದೆ ಎಂದರ್ಥ.

ಮೊದಲ ಮದುವೆಗೆ ಹತ್ತು ಹನ್ನೆರಡು ಕುಣಿತ ಸಾಕು. ಅಂದರೆ ಸುಮಾರು 40 ಟ್ಯೂನ್. ಗೇ ಗಾರ್ಡನ್ಸ್‌ಗೆ ಮಾರ್ಚ್, ಡ್ಯಾಶಿಂಗ್ ವೈಟ್ ಸಾರ್ಜೆಂಟ್‌ಗೆ ಮತ್ತು ವರ್ಜೀನಿಯಾ ರೀಲ್‌ಗೆ ರೀಲ್‌ಗಳು, ಸ್ಟ್ರಿಪ್ ದ ವಿಲೋಗೆ ಜಿಗ್, ಸೇಂಟ್ ಬರ್ನಾರ್ಡ್ಸ್ ವಾಲ್ಟ್ಜ್‌ಗೆ ಅದರ ಹೆಸರೇ ಹೇಳುವಂತೆ ವಾಲ್ಟ್ಜ್. ಕೆನೇಡಿಯನ್ ಬಾರ್ನ್ ಡ್ಯಾನ್ಸ್ ಮತ್ತು ಬ್ರಿಟಾನಿಯಾ ಟೂ ಸ್ಟೆಪ್ ಇರಲೇಬೇಕು. ಏಟ್ಸಮ್ ರೀಲ್ ಮಾತ್ರ ಸದ್ಯ ಬೇಡ. ಎಂಟು ಜನರಲ್ಲಿ ಒಬ್ಬೊಬ್ಬರೂ ನಡುವೆ ಬಂದು ಹೋಗುವ ಕುಣಿತ ಅದು. ಶುರುವಿಗೆ 40 ಬಾರ್, ಎಂಟು ಸಲ 48, ಕೊನೆಗೆ ಮತ್ತೆ 40. ಒಟ್ಟು 464 ಬಾರ್, ಎಂಟು ನಿಮಿಷಕ್ಕೂ ಮೇಲೆ. ಅತಿಥಿಗಳಿಗೂ ಬ್ಯಾಂಡಿಗೂ ಚೆನ್ನಾಗಿ ಬರುತ್ತಿದ್ದರೆ ಮಾತ್ರ ಅದಕ್ಕೆ ಕೈ ಹಾಕಬೇಕು.

ವೇಗದ ವಿಷಯ. ರೀಲ್ ಮತ್ತು ಜಿಗ್‌ಗೆ ನಿಮಿಷಕ್ಕೆ 110ರಿಂದ 120 ಪೆಟ್ಟು. 112ರಲ್ಲಿ ನುಡಿಸಿದರೆ 32 ಬಾರ್‌ಗೆ 34 ಸೆಕೆಂಡ್ ಹಿಡಿಯುತ್ತದೆ. ಮನೆಯಲ್ಲಿ ಲಯ ತೋರುವ ಮೆಟ್ರೋನೋಮ್ ಇಟ್ಟುಕೊಂಡೇ ಅಭ್ಯಾಸ ಮಾಡಿ. ಮದುವೆ ಮನೆಯ ಉತ್ಸಾಹದಲ್ಲಿ ಬ್ಯಾಂಡ್ ತಾನಾಗಿಯೇ ಓಡಲು ಶುರು ಮಾಡುತ್ತದೆ. ಒಬ್ಬರು, ಸಾಮಾನ್ಯವಾಗಿ ಡ್ರಮ್‌ನವರು, ಲಗಾಮು ಹಿಡಿದಿರಬೇಕು. ನೆಲದ ಮೇಲಿನ ಅತಿ ಹಿರಿಯರ ಕಾಲು ನೋಡಿ. ಅವರು ಹೆಜ್ಜೆ ಇಡುತ್ತಿದ್ದಾರೆಯೇ, ಓಡುತ್ತಿದ್ದಾರೆಯೇ? ಓಡುತ್ತಿದ್ದರೆ ನಿಮ್ಮದು ಜಾಸ್ತಿಯಾಯಿತು.

ಕಾಲರ್ ಹೇಳಿಕೊಡುವ ಬಗೆ

ಪ್ರತಿ ಕುಣಿತಕ್ಕೂ ಮೊದಲು ಸಂಗೀತವಿಲ್ಲದೆ ಒಂದು ಸಲ ನಡೆದು ತೋರಿಸಬೇಕು. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ಅದಕ್ಕೂ ಮೀರಿದರೆ ಜನ ಕುಡಿಯುವ ಕೌಂಟರ್ ಕಡೆ ಹೋಗುತ್ತಾರೆ. ಮಾತು ಕಡಿಮೆ ಇರಲಿ: "ಎಡಕ್ಕೆ ಎಂಟು ಹೆಜ್ಜೆ, ಬಲಕ್ಕೆ ಎಂಟು ಹೆಜ್ಜೆ." ಇದನ್ನು ಟ್ಯೂನ್ ಶುರುವಾದ ಮೇಲೂ ಎರಡು ಸುತ್ತು ಕೂಗಬೇಕು, ಅದೂ ಚಲನೆ ಬರುವುದಕ್ಕೆ ಒಂದೆರಡು ಬಾರ್ ಮುಂಚೆ. ಚಲನೆ ಬಂದ ಮೇಲೆ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಮೂರನೆಯ ಸುತ್ತಿನಲ್ಲಿ ಮೈಕ್ ಕೆಳಗಿಡಿ. ಅಷ್ಟರಲ್ಲಿ ಕಾಲಿಗೆ ಬಂದಿರುತ್ತದೆ.

ಗಂಡಸರು ಇತ್ತ, ಹೆಂಗಸರು ಅತ್ತ ಎನ್ನುವ ಹಳೆಯ ಕರೆ ಎಲ್ಲ ಕಡೆ ಹೊಂದುವುದಿಲ್ಲ. ಇಬ್ಬರು ಗೆಳತಿಯರು ಜೋಡಿಯಾಗುತ್ತಾರೆ, ಇಬ್ಬರು ವರರ ಮದುವೆಯೂ ಇರುತ್ತದೆ. ಎಡಗಡೆಯವರು, ಬಲಗಡೆಯವರು ಎಂದರೆ ಎಲ್ಲರಿಗೂ ಸರಿ.

ಸಂಜೆಯ ಕ್ರಮ

ಒಂದು ಕುಣಿತಕ್ಕೆ ಜನ ಸೇರುವುದು, ಹೇಳಿಕೊಡುವುದು, ಕುಣಿಯುವುದು ಎಲ್ಲ ಸೇರಿ ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ನಡುವೆ ತಿಂಡಿಗೆ ಬಿಡುವು ಕೊಟ್ಟು, ಒಂದು ಗಂಟೆ ಅಥವಾ ಒಂದೂಕಾಲು ಗಂಟೆಯ ಎರಡು ಪಾಳಿ. ನಮ್ಮ ಬ್ಯಾಂಡಿನ ಸಾಮಾನ್ಯ ಕ್ರಮ ಹೀಗಿರುತ್ತದೆ. ವಧೂವರರ ಮೊದಲ ನೃತ್ಯ ಮುಗಿದ ತಕ್ಷಣ ಗೇ ಗಾರ್ಡನ್ಸ್. ಅವರಿಬ್ಬರೇ ಶುರು ಮಾಡುತ್ತಾರೆ, ಆಮೇಲೆ ತಂದೆತಾಯಿ, ಆಮೇಲೆ ಎಲ್ಲರೂ. 16 ಬಾರ್‌ನ ಸುಲಭದ ಕುಣಿತ, ನಾಚಿಕೆ ಬಿಡಿಸುತ್ತದೆ. ಅದರ ಬೆನ್ನಿಗೇ ಡ್ಯಾಶಿಂಗ್ ವೈಟ್ ಸಾರ್ಜೆಂಟ್. ಎದುರಿನವರು ಪ್ರತಿ ಸಲ ಬದಲಾಗುವುದರಿಂದ ಎರಡು ಕಡೆಯ ಬೀಗರು ತಾವಾಗಿಯೇ ಬೆರೆಯುತ್ತಾರೆ. ಆಮೇಲೆ ಉಸಿರಿಗೆ ಒಂದು ವಾಲ್ಟ್ಜ್. ಹೀಗೆ ಬಿರುಸು, ನಿಧಾನ, ಬಿರುಸು.

ಓರ್ಕೇಡಿಯನ್ ಸ್ಟ್ರಿಪ್ ದ ವಿಲೋ ಕೊನೆಯ ಪಾಳಿಗೆ ಉಳಿಸಿ. ಹಾಲ್‌ನ ಉದ್ದಕ್ಕೂ ಎರಡು ಸಾಲು. ತುದಿಯ ಜೋಡಿ ಸುತ್ತಿ, ಸಾಲಿನ ಒಬ್ಬೊಬ್ಬರಿಗೂ ತೋಳು ಕೊಟ್ಟು ತಿರುಗಿ, ಮತ್ತೆ ತಮ್ಮ ಜೋಡಿಗೆ ತೋಳು ಕೊಡುತ್ತಾ ಕೆಳಗೆ ಸಾಗುತ್ತಾರೆ. ಅವರು ಸ್ವಲ್ಪ ದೂರ ಹೋದ ಕೂಡಲೇ ಮುಂದಿನ ಜೋಡಿ ಹೊರಡುತ್ತದೆ. ಇದಕ್ಕೆ ಸುತ್ತಿನ ಲೆಕ್ಕವಿಲ್ಲ. ಎಲ್ಲ ಜೋಡಿಗಳೂ ಮುಗಿಯುವ ತನಕ ನುಡಿಸುತ್ತಲೇ ಇರಬೇಕು. ಜಿಗ್‌ಗಳನ್ನು ಬೇಕಾದಷ್ಟು ಇಟ್ಟುಕೊಳ್ಳಿ.

ಕನ್ನಡದ ಮನೆಯೊಂದು ಸ್ಕಾಟಿಷ್ ಮನೆಯ ಜೊತೆ ಬೀಗತನ ಮಾಡಿದ ಮದುವೆಗೂ ನುಡಿಸಿದ್ದೇನೆ. ಬೆಳಿಗ್ಗೆ ಧಾರೆ, ಸಂಜೆ ಕೇಲಿ. ಅಂಥ ಕಡೆ ಮೊದಲೇ ಹೇಳಿ: ಸ್ಟ್ರಿಪ್ ದ ವಿಲೋಗೆ ಮುಂಚೆ ಗಾಜಿನ ಬಳೆ ತೆಗೆದಿಡಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಲಿ. ಬಿರುಸಿನ ತಿರುವಿನಲ್ಲಿ ಬಳೆ ಒಡೆದು ಕೈಗೆ ಚುಚ್ಚಿದ್ದನ್ನು ನೋಡಿದ್ದೇನೆ. ಅಂಗೈಗಿಂತ ಮೊಣಕೈ ಹತ್ತಿರ ಹಿಡಿದರೆ ಎಲ್ಲರಿಗೂ ಕ್ಷೇಮ. ಅತ್ತೆ, ದೊಡ್ಡಮ್ಮಂದಿರನ್ನು ಮೊದಲು ಸೇಂಟ್ ಬರ್ನಾರ್ಡ್ಸ್ ವಾಲ್ಟ್ಜ್‌ಗೆ ಎಬ್ಬಿಸಿ. ಅದು ಒಂದು ಸಲ ಹಿಡಿಸಿದರೆ ಆಮೇಲೆ ಕೂರುವುದಿಲ್ಲ.

ಹಾಲ್ ಮತ್ತು ಧ್ವನಿ

ಒಪ್ಪಿಕೊಳ್ಳುವ ಮೊದಲೇ ಹಾಲ್‌ನವರಿಗೆ ಫೋನ್ ಮಾಡಿ. ನೆಲ ಮರದ್ದೇ? ಮೇಜುಗಳನ್ನು ಯಾರು ಸರಿಸುತ್ತಾರೆ? ಸಾಮಾನು ಹೊತ್ತು ಮೆಟ್ಟಿಲು ಹತ್ತಬೇಕೇ? ಸಂಗೀತ ಎಷ್ಟು ಗಂಟೆಗೆ ನಿಲ್ಲಬೇಕು? ಎಲ್ಲಕ್ಕಿಂತ ಮುಖ್ಯ, ಸೌಂಡ್ ಲಿಮಿಟರ್ ಇದೆಯೇ? ಗೊತ್ತುಮಾಡಿದ ಮಟ್ಟ ಮೀರಿದರೆ ವೇದಿಕೆಯ ಕರೆಂಟನ್ನೇ ಕತ್ತರಿಸುವ ಯಂತ್ರ ಅದು. ಜನರ ಕೂಗಿಗೂ ಅದು ಬಿದ್ದುಹೋಗಬಹುದು. ಇದ್ದರೆ ಡ್ರಮ್‌ಗೆ ಬ್ರಷ್ ಬಳಸಿ, ಸ್ಪೀಕರ್‌ಗಳನ್ನು ತಗ್ಗಿಸಿಡಿ.

ಎರಡು ಸ್ಪೀಕರ್, ಒಂದು ಮಿಕ್ಸರ್, ನಿಮಗೆ ಕೇಳಿಸಲು ಒಂದು ಮಾನಿಟರ್ ಸಾಕು. ಕಾಲರ್‌ಗೆ ತಲೆಗೆ ಹಾಕುವ ವೈರ್‌ಲೆಸ್ ಮೈಕ್ ಕೊಡಿಸಿ, ಕೆಳಗಿಳಿದು ಕೈ ಹಿಡಿದು ಹೇಳಿಕೊಡಬಹುದು. ಕಾಲರ್ ಧ್ವನಿ ಎಲ್ಲ ವಾದ್ಯಕ್ಕಿಂತ ಮೇಲೆ ಕೇಳಬೇಕು. ಡೇರೆಯಲ್ಲಿ ಮದುವೆಯಾದರೆ ಸಂಜೆಯ ಚಳಿಗೆ ತಂತಿ ಶ್ರುತಿ ತಪ್ಪುತ್ತದೆ, ಪ್ರತಿ ಬಿಡುವಿನಲ್ಲೂ ನೋಡಿಕೊಳ್ಳಿ.

ಕಾಗದ ಪತ್ರ

ಎಷ್ಟೇ ಪರಿಚಯದವರಾದರೂ ಬರಹದಲ್ಲಿ ಒಪ್ಪಂದ ಇರಲಿ. ದಿನ, ಸಮಯ, ಮುಂಗಡ, ಹೆಚ್ಚುವರಿ ಗಂಟೆಯ ದರ, ರದ್ದಾದರೆ ಏನು, ಬ್ಯಾಂಡಿಗೆ ಊಟ ಇದೆಯೇ. ಒಮ್ಮೆ ನಮ್ಮ ಕಾರ್ಯಕ್ರಮ ರದ್ದಾಗಿದ್ದು ಮದುವೆಗೆ ಒಂದು ವಾರ ಮುಂಚೆ. ಬಾಯಿಮಾತಿನ ಒಪ್ಪಂದವಾದ್ದರಿಂದ ಒಂದು ಪೌಂಡೂ ಬರಲಿಲ್ಲ, ಆ ಶನಿವಾರಕ್ಕೆ ಕೇಳಿದ ಬೇರೆಯವರಿಗೂ ಆಗುವುದಿಲ್ಲ ಎಂದಿದ್ದೆವು. ಈಗ ಕಾಲು ಭಾಗ ಮುಂಗಡ ಬಂದ ಮೇಲೆಯೇ ದಿನ ಬರೆದುಕೊಳ್ಳುತ್ತೇವೆ.

ಬಹಳ ಹಾಲ್‌ಗಳು ಪಬ್ಲಿಕ್ ಲಯಬಿಲಿಟಿ ವಿಮೆ, ಅಂದರೆ ನಿಮ್ಮಿಂದ ಬೇರೆಯವರಿಗೆ ಪೆಟ್ಟು ನಷ್ಟವಾದರೆ ಭರಿಸುವ ವಿಮೆ, ಕೇಳುತ್ತವೆ. ಮ್ಯೂಸಿಷಿಯನ್ಸ್ ಯೂನಿಯನ್ ಸದಸ್ಯರಿಗೆ ಅದು ಸದಸ್ಯತ್ವದ ಜೊತೆಗೇ ಬರುತ್ತದೆ. ಕರೆಂಟಿನ ಸಾಮಾನುಗಳು ಸುರಕ್ಷಿತವೆಂದು ತೋರಿಸುವ ಪ್ಯಾಟ್ ಪರೀಕ್ಷೆಯ ಚೀಟಿಯನ್ನೂ ಹಾಲ್‌ನವರು ಕೇಳುವುದುಂಟು. ವರ್ಷಕ್ಕೆ 1,000 ಪೌಂಡಿಗಿಂತ ಜಾಸ್ತಿ ಬಂದರೆ ತೆರಿಗೆ ಇಲಾಖೆಗೆ ತಿಳಿಸಿ ನೋಂದಾಯಿಸಿಕೊಳ್ಳಬೇಕು. ಓದಲು ಬಂದಿರುವ ನಮ್ಮ ಮಕ್ಕಳಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ದುಡಿಮೆಗೂ, ಮನರಂಜನೆಯ ಕಲಾವಿದರಾಗಿ ದುಡಿಯುವುದಕ್ಕೂ ಅವಕಾಶವಿಲ್ಲ. ದುಡ್ಡಿನ ಕಾರ್ಯಕ್ರಮ ಒಪ್ಪಿಕೊಂಡು ವೀಸಾಕ್ಕೆ ಕುತ್ತು ತಂದುಕೊಳ್ಳಬೇಡಿ. ಸೆಷನ್‌ಗಳಿಗೆ ಹೋಗಿ, ಕಲಿಯಿರಿ, ಟ್ಯೂನ್ ಕೂಡಿಡಿ. ಬೇರೆ ಬಗೆಯ ವೀಸಾ ಇದ್ದವರೂ ಅದರ ಷರತ್ತು ಓದಿಯೇ ಮುಂದುವರಿಯಿರಿ.

ಕೊನೆಯ ಹತ್ತು ನಿಮಿಷ

ಕೊನೆಯ ವಾಲ್ಟ್ಜ್ ಆದ ಮೇಲೆ ಎಲ್ಲರೂ ದೊಡ್ಡ ವೃತ್ತದಲ್ಲಿ ನಿಂತು ರಾಬರ್ಟ್ ಬರ್ನ್ಸ್‌ನ ಆಲ್ಡ್ ಲ್ಯಾಂಗ್ ಸೈನ್ ಹಾಡುತ್ತಾರೆ. ಮೋಹನದ ಐದು ಸ್ವರಗಳ ಧಾಟಿ. ನಿಧಾನವಾಗಿ ಶುರು ಮಾಡಿ. ಕೈ ಕತ್ತರಿ ಹಾಕುವುದು ಕೊನೆಯ ನುಡಿಗೆ ಮಾತ್ರ, ಕಾಲರ್ ಅದನ್ನು ನೆನಪಿಸಲಿ. ವಧೂವರರು ನಡುವೆ ನಿಂತಿರುತ್ತಾರೆ. ಆಗ ನುಡಿಸುವಾಗ ನನ್ನ ಕಣ್ಣು ತುಂಬುವುದುಂಟು.

ಹಾಡು ಮುಗಿದರೂ ವಾದ್ಯ ಕೆಳಗಿಡಬೇಡಿ. "ವನ್ ಮೋರ್ ಟ್ಯೂನ್, ವನ್ ಮೋರ್ ಟ್ಯೂನ್" ಎಂದು ಇಡೀ ಹಾಲ್ ಕಾಲು ಕುಟ್ಟುತ್ತದೆ. ಹಾಲ್‌ನವರ ಕಡೆ ನೋಡಿ. ಅವರು ತಲೆಯಾಡಿಸಿದರೆ, ಹೇಳಿಕೊಡುವುದೇನೂ ಬೇಡ, ಎತ್ತಿಟ್ಟುಕೊಂಡ ಒಂದು ರೀಲ್ ಸೆಟ್ ಶುರು ಮಾಡಿ. ನಮ್ಮದು ಡಿ ಯಲ್ಲಿ ಹೊರಟು ಎ ಗೆ ಏರುತ್ತದೆ, ಎರಡು ಟ್ಯೂನ್, ಒಂದೊಂದೂ ಎರಡು ಸಲ.